ಬೀಗಿತ್ತಿಯ ರೇಷ್ಮೆ, ನನ್ನ ಒಂಬತ್ತಿಂಚು

ಕನಕಪುರದ ಅಕ್ಕನ ಮನೆಯಲ್ಲಿ ಈಗ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ, ‘ಒಂಬತ್ತಿಂಚು ಬಂತು, ಕಾಫಿಗಿಡಿ’ ಎಂದು ಕೇಳಿಸುತ್ತದೆ. ಹೀಗಾಗಿದ್ದು ಎರಡು ವರ್ಷದ ಹಿಂದೆ, ಒಂದು ಮಗುವಿನ ಕೌದಿಯ ದೆಸೆಯಿಂದ. ನಡೆದದ್ದನ್ನು ನಡೆದಂತೆ ಬರೆಯಬೇಕೆಂದು ಕೂತಿದ್ದೇನೆ. ಆದರೆ ಈ ಪ್ರಕರಣದಲ್ಲಿ ನನ್ನ ನೆನಪೇ ಮೊದಲನೇ ಆರೋಪಿ. ಹಾಗಾಗಿ ಅನುಮಾನ ಬಂದಲ್ಲೆಲ್ಲ ಅಕ್ಕನಿಗೆ ಫೋನ್ ಮಾಡಿ ಕೇಳಿಕೊಂಡಿದ್ದೇನೆ. ಅವಳು ಹೇಳಿದ್ದಕ್ಕೂ ನನಗೆ ನೆನಪಿದ್ದದ್ದಕ್ಕೂ ತಾಳೆಯಾಗದ ಕಡೆ ಅವಳ ಮಾತನ್ನೇ ಇಟ್ಟಿದ್ದೇನೆ. ಒಂದು ಕಡೆ ಮಾತ್ರ ಬಿಟ್ಟುಕೊಟ್ಟಿಲ್ಲ. ಅದು ಕೊನೆಯಲ್ಲಿ ಬರುತ್ತದೆ.

ಅಕ್ಕ ಟೈಲರ್. ಮನೆಯ ಮುಂದಿನ ವರಾಂಡದಲ್ಲಿ ಕಾಲಲ್ಲಿ ತುಳಿಯುವ ಮಷೀನು, ಅದರ ಪಕ್ಕಕ್ಕೆ ಕತ್ತರಿಸಿ ಉಳಿದ ಚೂರುಗಳನ್ನು ತುಂಬುವ ಚಿಂದಿ ಚೀಲ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಆ ಬೀದಿಯ ಹೆಂಗಸರು ದಪ್ಪವಾದರೋ ಸಣ್ಣಗಾದರೋ ಎನ್ನುವುದು ಅವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅವಳ ಒಬ್ಬಳೇ ಮಗಳನ್ನು ದೊಡ್ಡಆಲಹಳ್ಳಿಗೆ ಕೊಟ್ಟಿದೆ. ಅಳಿಯ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಮಗಳು ಹೆರಿಗೆಗೆ ತವರಿಗೆ ಬಂದು, ಹೆಣ್ಣುಮಗು ಹುಟ್ಟಿ, ಐದನೇ ತಿಂಗಳಲ್ಲಿ ಗಂಡನ ಮನೆಗೆ ಹೊರಡುವ ದಿನ ಗೊತ್ತಾಗಿತ್ತು.

ನಮ್ಮ ಮನೆತನದಲ್ಲಿ ಹಾಗೆ ಹೊರಡುವ ಮಗುವಿನ ಜೊತೆ ಒಂದು ಕೌದಿ ಹೋಗಬೇಕು. ಹೊಸ ಬಟ್ಟೆಯದ್ದಲ್ಲ. ಒಂಬತ್ತು ನಂಟರ ಮನೆಗಳಿಂದ, ಉಟ್ಟು ಒಗೆದು ಮೆತ್ತಗಾದ ಬಟ್ಟೆಯ ಒಂದೊಂದು ಗೇಣಗಲದ ಚೌಕ ತರಿಸಿ, ಮೂರು ಮೂರರ ಮೂರು ಸಾಲಾಗಿ ಜೋಡಿಸಿ ಹೊಲಿಯಬೇಕು. ನಟ್ಟನಡುವೆ ಮಗುವಿನ ಅಪ್ಪನ ತಾಯಿಯ ಸೀರೆಯ ಚೂರು. ಇರುವುದು ಒಂದೇ ಕಟ್ಟುನಿಟ್ಟು: ಯಾವ ಮನೆಯ ತುಂಡೂ ಇನ್ನೊಂದು ಮನೆಯದ್ದಕ್ಕಿಂತ ಚಿಕ್ಕದಾಗಿ ಕಾಣಬಾರದು. ಕಂಡರೆ ಆ ಮನೆಯವರನ್ನು ಕೀಳು ಮಾಡಿದಂತೆ. ನೋಡಲು ಬಂದವರೆಲ್ಲ ಮಗುವಿನ ಮೂಗು ಯಾರ ಥರ ಇದೆ ಎಂದು ಎರಡು ಮಾತಾಡಿ, ಆಮೇಲೆ ಕೌದಿಯ ಮೇಲೆ ಸುಮ್ಮನೆ ಸವರುವಂತೆ ಗೇಣು ಹಾಕಿ ನೋಡುತ್ತಾರೆ.

ಅಕ್ಕನ ತಲೆಬಿಸಿ ನಡುವಿನ ತುಂಡಿನದು. ಮದುವೆಯಲ್ಲಿ ಬೀಗರ ಸಾಲಿಗೆ ಪಾಯಸ ಬರುವ ಮೊದಲೇ ಯಾರೋ ಮಜ್ಜಿಗೆ ಬಡಿಸಿಬಿಟ್ಟಿದ್ದರು. ಆ ಮಜ್ಜಿಗೆಯ ಮಾತು ಮಗಳಿಗೆ ಗಂಡನ ಮನೆಯಲ್ಲಿ ಒಂದೂವರೆ ವರ್ಷ ತಪ್ಪಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಮಜ್ಜಿಗೆ, ನೀರು ತರುವುದು ತಡವಾದರೂ ಮಜ್ಜಿಗೆ.

‘ನೋಡ್ಲಾ, ನನ್ ಮಗ ಕೂಸೆತ್ಕೊಂಡು ಆ ಹೊಸಿಲು ದಾಟ್ದಾಗ ಒಂದು ಮಾತು ಬರ್‍ಬಾರ್‍ದು. ಒಂದೇ ಒಂದು’ ಎಂದಳು ಅಕ್ಕ. ನಮ್ಮ ಕಡೆ ಮಗಳನ್ನೂ ‘ಮಗ’ ಎಂದೇ ಕರೆಯುವುದು.

ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ರಾಮನಗರದ ಒಂದು ಕಾಲೇಜಿನಲ್ಲಿ, ಕಣ್ಣಾರೆ ಕಂಡದ್ದನ್ನೂ ಒಮ್ಮೆ ಅನುಮಾನಿಸಿ ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ಬೇಸಿಗೆ ರಜೆಯಾದ್ದರಿಂದ ಅಕ್ಕನ ಮನೆಯಲ್ಲಿ ಒಂದು ವಾರ ಇದ್ದೆ. ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ಎರಡು ವರ್ಷದಿಂದ ಓದುತ್ತಿದ್ದ ದಪ್ಪ ಪುಸ್ತಕವೊಂದನ್ನು ಹಿಡಿದು ವರಾಂಡದ ಉದ್ದಕ್ಕೂ ಓಡಾಡುತ್ತಿದ್ದೆ. ಅದರ ನಲವತ್ತನೇ ಪುಟದಿಂದ ಮುಂದೆ ಹೋಗಿರಲಿಲ್ಲ.

ಒಂಬತ್ತು ಮನೆಯ ಬಟ್ಟೆಗಳು ಒಂದೊಂದು ಕವರಿನಲ್ಲಿ ಬಂದು ಬಿದ್ದಿದ್ದವು. ಲಂಗದ ಹತ್ತಿ ಬಟ್ಟೆ, ವಾಯಿಲ್ ಸೀರೆ, ಅಳಿಯನ ಚಿಕ್ಕಪ್ಪನ ಮನೆಯಿಂದ ಫ್ಯಾಕ್ಟರಿಯ ನೀಲಿ ಯೂನಿಫಾರ್ಮು, ಬೀಗಿತ್ತಿಯ ಹಳೇ ರೇಷ್ಮೆ. ಎಲ್ಲವನ್ನೂ ಅವರವರೇ ಅವರವರ ಗೇಣಿನಲ್ಲಿ ಅಳೆದು ಕತ್ತರಿಸಿ ಕಳಿಸಿದ್ದರು. ಅಕ್ಕ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋದಾಗ ನಾನು ಕವರುಗಳನ್ನು ಬಿಚ್ಚಿ ನೋಡಿದೆ. ಒಂದರಂತೆ ಒಂದಿರಲಿಲ್ಲ, ಎಲ್ಲಕ್ಕಿಂತ ಚಿಕ್ಕದು ಒಂಬತ್ತಿಂಚಿತ್ತು. ಗೇಣು ಎಂಬುದು ಅಳತೆಯೇ ಅಲ್ಲ, ಅದು ಒಂದು ಅಭಿಪ್ರಾಯ ಎಂದು ನನಗೆ ಹೊಳೆಯಿತು. ಸ್ವೀಟ್ ಡಬ್ಬದ ರಟ್ಟಿನಲ್ಲಿ ಸ್ಕೇಲಿಟ್ಟು ಒಂಬತ್ತಿಂಚಿಗೆ ಒಂಬತ್ತಿಂಚಿನ ಚೌಕ ಮಾಡಿದೆ. ಅದನ್ನು ಪ್ರತಿಯೊಂದರ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಹೊರಗುಳಿದದ್ದನ್ನು ಅಕ್ಕನ ಕತ್ತರಿಯಿಂದ ಕತ್ತರಿಸಿದೆ. ಚೂರುಗಳನ್ನು ಚಿಂದಿ ಚೀಲಕ್ಕೆ ಹಾಕಿದೆ. ಅಕ್ಕ ಬಂದಾಗ ಒಂಬತ್ತು ಚೌಕಗಳು ಇಸ್ಪೀಟ್ ಕಟ್ಟಿನ ಹಾಗೆ ಒಂದರ ಮೇಲೊಂದು ಕೂತಿದ್ದವು.

‘ಪರ್‍ವಾಗಿಲ್ವೇ, ಓದ್ಸಿದ್ದು ಎಲ್ಲೂ ಹೋಗ್ನಿಲ್ಲ’ ಎಂದಳು. ಆ ಮನೆಯಲ್ಲಿ ನನ್ನ ಓದಿಗೆ ಸಿಕ್ಕ ಮೆಚ್ಚುಗೆ ಅದೇ ಮೊದಲು, ಅದೇ ಕೊನೆ.

ಮಾರನೇ ದಿನ ಹೊಲಿಗೆ ಶುರುವಾಯಿತು. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಮಷೀನಿಗೆ ಕೊಟ್ಟರೆ, ತಲೆಯ ಕಡೆ ಸಮವಾಗಿದ್ದವು ಬುಡದ ಕಡೆ ಹೊರಬರುವಾಗ ಮೇಲಿನದು ಒಂದು ಕಡ್ಡಿಯಷ್ಟು ಉಳಿದು ಚಾಚಿಕೊಂಡಿರುತ್ತಿತ್ತು. ನಾನು ಮಷೀನಿನ ಸುತ್ತ ಎರಡು ಸಲ ಸುತ್ತಿ, ಬಗ್ಗಿ ನೋಡಿ, ಕಾರಣ ಕಂಡುಹಿಡಿದೆ.

‘ಅಕ್ಕ, ಕೆಳಗಿರೋ ಹಲ್ಲು ಕೆಳಗಿನ ಬಟ್ಟೆನ ಎಳೀತದೆ. ಮೇಲಿನ್ದುಕ್ಕೆ ಎಳಿಯೋರಿಲ್ಲ, ಅದು ಹಿಂದೆ ಬೀಳ್ತದೆ. ಹಂಗಾಗಿ...’

‘ಹೌದೇನ್ಲಾ? ಇಪ್ಪತ್ತೊರ್ಸದಿಂದ ನಾನು ಮಷೀನು ಮ್ಯಾಲೆ ರೊಟ್ಟಿ ತಟ್ತಿದ್ದೆ ಕಣ್ಲಾ, ಇವತ್ತು ಗೊತ್ತಾಯ್ತು.’

ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ದೊಡ್ಡಮ್ಮ ನಕ್ಕಳು. ನಮ್ಮ ತಾಯಿಯ ಅಕ್ಕ ಅವಳು. ಎಂಬತ್ತು ದಾಟಿದೆ. ಅಕ್ಕನ ಜೊತೆಗೇ ಇದ್ದಾಳೆ. ‘ಮಷೀನಿದ್ರೇನವ್ವಾ, ಮೊದ್ಲು ಕೈಯಾಗೆ ಒಂದ್ ಸಲ ದೂರ ದೂರಕೆ ಹೊಲಿಗೆ ಓಡ್ಸು. ಆಗ ಅಲ್ಲಾಡಾಕಿಲ್ಲ’ ಎಂದಳು. ಅಕ್ಕ ಹಾಗೇ ಮಾಡಿದಳು. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಸ್ವಲ್ಪ ಜಾಸ್ತಿ ಉದ್ದ ಕಂಡದ್ದನ್ನು ಕೆಳಗಿಟ್ಟು, ಎಡಗೈ ಬೆರಳಲ್ಲಿ ಮೇಲಿನದನ್ನು ಮೆಲ್ಲಗೆ ಸವರಿಕೊಂಡು ತುಳಿದಳು. ತುದಿಗಳು ಕೂಡಿದವು. ಮೊದಲ ಸಾಲು ಮುಗಿಯಿತು, ಮೂರನೆಯದೂ ಮುಗಿಯಿತು. ಎರಡು ದಿನ ಬಿಟ್ಟು ನಡುವಿನ ಸಾಲಿಗೆ ಬಂದಾಗ ರೇಷ್ಮೆ ರಗಳೆ ತೆಗೆಯಿತು.

ಹಳೇ ರೇಷ್ಮೆಯ ಅಂಚು ನೂಲು ಬಿಡುತ್ತದೆ. ಹತ್ತಿಯ ಹಾಗೆ ಅಂಚಿಗೆ ಹತ್ತಿರ ಹೊಲಿದರೆ ನಾಲ್ಕು ದಿನಕ್ಕೆ ಹೊಲಿಗೆಯೇ ಕಿತ್ತು ಬರುತ್ತದೆ. ಒಂದು ಬೆರಳು ಒಳಗೆ ಹೊಲಿಯಬೇಕು. ಅಕ್ಕ ಹಾಗೇ ಹೊಲಿದಳು. ಪರಿಣಾಮವಾಗಿ ರೇಷ್ಮೆಯ ತುಂಡು ನಾಲ್ಕೂ ಕಡೆಯಿಂದ ಒಳಗೆ ಸರಿದು ಮಿಕ್ಕವುಗಳಿಗಿಂತ ಚಿಕ್ಕದಾಯಿತು. ನಡುವಿನ ಸಾಲು ಮೇಲಿನದಕ್ಕೂ ಕೆಳಗಿನದಕ್ಕೂ ಕಮ್ಮಿ ಬಿತ್ತು. ಮೂರನ್ನೂ ಎಳೆದು ಜೋಡಿಸಿ, ನೆಲದ ಮೇಲೆ ಹಾಸಿ ನೋಡಿದೆವು. ಕೌದಿಗೆ ಸೊಂಟ ಬಂದಿತ್ತು.

ಅಕ್ಕ ಬಗ್ಗಿ ರೇಷ್ಮೆಯ ನಾಲ್ಕೂ ಅಂಚಿಗೆ ಬೆರಳಿಟ್ಟು ನೋಡಿದಳು. ಆಮೇಲೆ, ‘ನೋಡ್ದಾ ಆ ಬೀಗ್ತಿ ಬುದ್ಧಿಯಾ? ಅವ್ಳೇ ಸೀರೆ ಕೊಟ್ಟು ಅವ್ಳೇ ಚಿಕ್ದಾಗಂಗೆ ಮಾಡವ್ಳೆ. ರೇಷ್ಮೆಗೆ ಒಸಿ ಜಾಸ್ತಿ ಬುಟ್ಟು ಕತ್ತರಿಸ್ಬೇಕು ಅಂತ ಗೊತ್ತಿಲ್ವಾ ಅವ್ಳ್ಗೆ? ವರ್ಸೆಲ್ಲಾ ರೇಷ್ಮೆ ಹುಳ ಮೇಯ್ಸೋಳು!’ ಎಂದಳು.

‘ಬಂದಾಗ್ಲೇ ಸರಿಯಾಗಿ ಒಂಬತ್ತಿಂಚಿತ್ತು’ ಎಂದೆ ನಾನು. ‘ನಾನೇ ನೋಡ್ದೆ. ಒಂದ್ ನೂಲು ಹೆಚ್ಚಿಲ್ಲ, ಒಂದ್ ನೂಲು ಕಮ್ಮಿ ಇಲ್ಲ. ಬಿಗಿ ಕೈ ಆಕೇದು.’

ಇದನ್ನು ನಾನು ಸುಳ್ಳಾಗಿ ಹೇಳಲಿಲ್ಲ. ರಟ್ಟನ್ನು ರೇಷ್ಮೆಯ ಮೇಲಿಟ್ಟಾಗ ಅಂಚಿಗೆ ಅಂಚು ಕೂತದ್ದು ನನ್ನ ಕಣ್ಣ ಮುಂದೆ ನಿಚ್ಚಳವಾಗಿತ್ತು. ಕತ್ತರಿಯೇ ಬೇಕಾಗಲಿಲ್ಲವಲ್ಲ ಎಂದು ಖುಷಿಪಟ್ಟದ್ದೂ ನೆನಪಿತ್ತು.

ಇನ್ನೊಂದು ಚೂರು ಕಳಿಸಿ ಎಂದು ಬೀಗಿತ್ತಿಯನ್ನು ಕೇಳುವಂತಿರಲಿಲ್ಲ. ಕೇಳಿದರೆ ಮೊದಲನೆಯದನ್ನು ಕೆಡಿಸಿದರು ಎಂದಾಗುತ್ತದೆ. ಬೇರೆ ರೇಷ್ಮೆ ಹಾಕುವಂತೆಯೂ ಇಲ್ಲ, ತನ್ನ ಸೀರೆ ಯಾರಿಗೆ ಗುರುತು ಸಿಗುವುದಿಲ್ಲ? ಹೊರಡುವ ದಿನಕ್ಕೆ ಮೂರೇ ದಿನ ಉಳಿದಿತ್ತು. ನಾನು ಓಡಾಡುತ್ತಾ, ನಮ್ಮಜ್ಜಿ ಮಷೀನೇ ಇಲ್ಲದೆ ಹೊಲಿದ ಕೌದಿಯಲ್ಲಿ ಎಲ್ಲ ತುಂಡೂ ನೂಲು ಹಿಡಿದಂತೆ ಸಮ ಇದ್ದವು ಎಂದು ಒಂದು ಸಣ್ಣ ಭಾಷಣ ಮಾಡಿದೆ. ನಾವಿಬ್ಬರೂ ಹೊದ್ದು ಬೆಳೆದ ಕೌದಿ ಅದು. ಅದರ ಒಂದು ಮೂಲೆಯಲ್ಲಿ ಅಪ್ಪನ ನೀಲಿ ಗೆರೆಯ ಅಂಗಿಯ ತುಂಡಿತ್ತು. ಅಪ್ಪ ಬೇರೆ ಊರಲ್ಲಿ ಕೆಲಸಕ್ಕಿದ್ದಾಗ ಅದನ್ನು ಕೆನ್ನೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಆ ಬೀಡಿ, ಸೋಪಿನ ವಾಸನೆ ಈಗಲೂ ಮೂಗಿಗೆ ಬರುತ್ತದೆ.

‘ಅದು ನನ್ ಮಂಚದ ಮ್ಯಾಲೇ ಅದೆ. ತಂದು ನೋಡ್ರಿ’ ಎಂದಳು ದೊಡ್ಡಮ್ಮ.

ತಂದು ಹಾಸಿದೆವು. ಒಂದು ತುಂಡು ಇನ್ನೊಂದರಂತಿರಲಿಲ್ಲ. ಒಂದು ಅಂಗೈಯಗಲ, ಒಂದು ತಟ್ಟೆಯಗಲ. ನೂಲು ಹಿಡಿಯುವುದಿರಲಿ, ಹಗ್ಗ ಹಿಡಿದರೂ ಸಮ ಬರುವಂತಿರಲಿಲ್ಲ. ಸದ್ಯ, ನೀಲಿ ಗೆರೆಯ ತುಂಡಾದರೂ ಮೂಲೆಯಲ್ಲಿತ್ತು.

‘ಅಪ್ಪನ ಅಂಗಿ’ ಎಂದೆ.

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ‘ಎಲ್ಲೀ ಅಪ್ಪನ್ ಅಂಗಿ ಮಗಾ? ಇದು ನಮ್ ಪಕ್ಕದ್ಮನೆ ದರ್ಜಿ ಬುಟ್ಟೋದ ದಿಂಬಿನ ಚೀಲ. ನಿಮ್ಮಪ್ಪ ಬಿಳೀ ಅಂಗಿ ಬುಟ್ರೆ ಬ್ಯಾರೆ ಇಕ್ಕಿದ್ದೇ ಇಲ್ಲ.’

‘ಬೀಡಿ ವಾಸನೆ...’

‘ಆ ದರ್ಜಿ ಸೇದೋನು.’

ಅಕ್ಕ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಎಷ್ಟು ನಕ್ಕಳೆಂದರೆ ಒಳಗೆ ಮಲಗಿದ್ದ ಮಗು ಎದ್ದು ಅತ್ತಿತು. ‘ಹತ್ತೊರ್ಸ ದರ್ಜಿನ ಅಪ್ಪ ಅಂತ ತಬ್ಬಿ ಮಲ್ಗವ್ನೆ!’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪುಸ್ತಕ ತೆರೆದು ನಲವತ್ತನೇ ಪುಟ ಓದತೊಡಗಿದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಲವತ್ತು ವರ್ಷ ಕಾಪಾಡಿಕೊಂಡ ನೆನಪೇ ಹೀಗಿದ್ದರೆ ಮೂರು ದಿನದ್ದರ ಗತಿಯೇನು? ಆದರೆ ಜಗತ್ತಿನ ಮೇಲೆ ಬಂದಷ್ಟು ಸುಲಭವಾಗಿ ಅನುಮಾನ ನಮ್ಮ ಮೇಲೆ ಬರುವುದಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಗೇಟು ಸದ್ದಾಯಿತು. ಬೀಗಿತ್ತಿ! ಹೇಳದೆ ಕೇಳದೆ, ಕೈಯಲ್ಲೊಂದು ಬುಟ್ಟಿ ಹಿಡಿದು ನಿಂತಿದ್ದಾರೆ.

‘ಹುಳ ಹಣ್ಣಾಗಿ ಗೂಡು ಕಟ್ಟಕೆ ಬುಟ್ಟಾಯ್ತು ಕಣ್ರವ್ವಾ. ಸೊಪ್ಪಾಕೋ ಕೆಲ್ಸ ಇಲ್ಲ, ಬಿಡುವಾಯ್ತು. ಕೂಸು ನೋಡ್ಕೊಂಡು ಹೋಗಾನ ಅಂತ ಬಸ್ ಹತ್ತಿದೆ.’

ಕೌದಿ ಮಷೀನಿನ ಮೇಲೇ ಬಿದ್ದಿತ್ತು. ಅಕ್ಕ ಅದರ ಮೇಲೆ ಯಾರದೋ ರವಿಕೆ ಎಸೆದಳು. ತಡವಾಗಿತ್ತು. ಬೀಗಿತ್ತಿ ರವಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕೌದಿಯನ್ನು ಬಿಡಿಸಿ, ನಡುವಿನ ತುಂಡಿನ ಮೇಲೆ ಕೈ ಚಾಚಿ ಗೇಣು ಹಾಕಿದರು. ಆಮೇಲೆ ಪಕ್ಕದ ಯೂನಿಫಾರ್ಮಿನ ಮೇಲೆ ಹಾಕಿದರು. ಅವರ ಸೊಸೆ, ಅಂದರೆ ಅಕ್ಕನ ಮಗಳು, ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಇಡೀ ಒಂದು ಕೊಡ ಮಜ್ಜಿಗೆ ಕಂಡಿತು ನನಗೆ.

‘ನಮ್ಮನೇದು ಚಿಕ್ದಾಗದೆ’ ಎಂದರು ಬೀಗಿತ್ತಿ. ಕೋಪವಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ಅಕ್ಕ ತಡೆಯಲಾರದೆ ಹೇಳಿಬಿಟ್ಟಳು: ‘ನೀವು ಕೊಟ್ಟಿದ್ದೇ ಅಷ್ಟು ಕಣ್ರಮ್ಮಾ. ರೇಷ್ಮೆ ನೂಲು ಬಿಡ್ತದೆ, ಒಳಕ್ಕೆ ಹೊಲೀಬೇಕು. ಒಸಿ ಜಾಸ್ತಿ ಇಕ್ಕಿ ಕತ್ತರಿಸಿದ್ರೆ ಹಿಂಗಾಯ್ತಿರ್‍ನಿಲ್ಲ.’

‘ನನ್ಗೆ ರೇಷ್ಮೆ ಹೇಳ್ಕೊಡ್ತೀರಾ?’ ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟರು. ‘ಗೇಣಿನ ಮ್ಯಾಲೆ ನಾಕೂ ಕಡೆ ಒಂದೊಂದು ಬೆರಳು ಬುಟ್ಟೇ ಕೊಟ್ಟಿವ್ನಿ. ನನ್ ಕೈಯಾರೆ ಕತ್ತರ್ಸಿವ್ನಿ.’

‘ಇಲ್ಲ’ ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ‘ಕವರು ಬಿಚ್ಚಿದೋನು ನಾನು. ಸರಿಯಾಗಿ ಒಂಬತ್ತಿಂಚಿತ್ತು. ಕತ್ತರಿ ತಾಗ್ಸೇ ಇಲ್ಲ.’

‘ನನ್ ತಮ್ಮ ಓದಿರೋನು. ಸುಳ್ ಹೇಳಾಕಿಲ್ಲ’ ಎಂದಳು ಅಕ್ಕ.

‘ಹಂಗಾರೆ ನಾನು ಹೇಳ್ತೀನಾ?’

ಅಷ್ಟರಲ್ಲಿ ದನಿಗಳು ಏರಿದ್ದವು. ಎದುರು ಮನೆಯವರು ಬಟ್ಟೆ ಒಣಹಾಕುವ ನೆವದಲ್ಲಿ ಹೊರಬಂದಿದ್ದರು. ನಾನು ಸಾಕ್ಷಿ ಹೇಳುವವನ ಗತ್ತಿನಲ್ಲಿ ಪುಸ್ತಕವಿದ್ದ ಕೈಯನ್ನು ಮೇಲೆತ್ತಿ, ‘ನನ್ಗೆ ಚೆನ್ನಾಗಿ ನೆನಪಿದೆ’ ಎಂದೆ. ನೆನಪಿದೆ ಎನ್ನುವ ಮಾತು ಬಾಯಲ್ಲಿರುವಾಗಲೇ ಬಾಗಿಲಿಂದ ಅಕ್ಕನ ಮಗಳು ಮೆಲ್ಲಗೆ ಕೇಳಿದಳು:

‘ಮಾವ, ನಿಮ್ ಪುಸ್ತಕದೊಳಗೆ ನೇತಾಡ್ತಾ ಇರೋದು ಏನದು?’

ಎಲ್ಲರೂ ನೋಡಿದರು. ನಾನೂ ನೋಡಿದೆ. ನಲವತ್ತನೇ ಪುಟದಿಂದ ಒಂದು ಬೆರಳಗಲದ, ಬದನೆಕಾಯಿ ಬಣ್ಣದ ರೇಷ್ಮೆಪಟ್ಟಿ ಇಳಿಬಿದ್ದಿತ್ತು. ಅದರ ಒಂದು ಅಂಚಿಗೆ ನನ್ನದೇ ಪೆನ್ಸಿಲ್ ಗೆರೆ.

ನಾಲ್ಕು ದಿನದಿಂದ ಅದೇ ಗುರುತಿನಲ್ಲಿ ಪುಸ್ತಕ ತೆರೆದು ಮುಚ್ಚುತ್ತಿದ್ದೆ. ಅದು ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಕ್ಕ ಚಿಂದಿ ಚೀಲವನ್ನು ನೆಲಕ್ಕೆ ಸುರಿದಳು. ಕೆದಕಿ ಕೆದಕಿ ಇನ್ನೂ ಮೂರು ಪಟ್ಟಿ ಹೆಕ್ಕಿದಳು. ಮೂರು ಮತ್ತು ಒಂದು ನಾಲ್ಕು. ಚೌಕಕ್ಕೆ ನಾಲ್ಕೇ ಮಗ್ಗಲು.

‘ಕತ್ತರಿ ತಾಗ್ಸೇ ಇಲ್ವಾ?’ ಎಂದಳು ಅಕ್ಕ.

ದೊಡ್ಡಮ್ಮ ಹುಣಸೆಹಣ್ಣಿನಿಂದ ತಲೆ ಎತ್ತದೆ, ‘ದಿಂಬಿನ ಚೀಲ’ ಎಂದಳು.

ಬೀಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಅಲ್ಲ ಬೀಗ್ರೇ, ಮದ್ವೇಲಿ ನಮ್ ಸಾಲಿಗೆ ಮಜ್ಜಿಗೆ ಬಡ್ಸಿದ್ದೂ ನೀವೇನಾ?’

ನಾನಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಆ ಹೊತ್ತಿನಲ್ಲಿ ಯಾವುದನ್ನೂ ಅಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ‘ಇರಬೋದು’ ಎಂದೆ.

ಮೊದಲು ನಕ್ಕದ್ದು ಸೊಸೆ. ಆಮೇಲೆ ಬೀಗಿತ್ತಿ. ಆಮೇಲೆ ಎದುರು ಮನೆಯವರೂ. ಅಕ್ಕ ಮಾತ್ರ ನಗಲಿಲ್ಲ. ಬೀಗಿತ್ತಿಯ ಎದುರು ನಿಂತು, ‘ತಪ್ಪಾಯ್ತು ಕಣ್ರಮ್ಮಾ. ನಿಮ್ಮನ್ನ ಬಿಗಿ ಕೈ ಅಂದ್ಬುಟ್ಟೆ’ ಎಂದಳು. ಹಾಗೆಂದವನು ನಾನು. ಅದನ್ನೂ ಅವಳು ತನ್ನ ಮೇಲೆ ಹಾಕಿಕೊಂಡದ್ದು ನನಗೆ ಆಮೇಲೆ ಹೊಳೆಯಿತು.

‘ಬುಡವ್ವಾ. ಈಗೇನ್ ಮಾಡದು ನೋಡು.’ ಬೀಗಿತ್ತಿ ಮಷೀನಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ನಾಲ್ಕು ಪಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. ಅವನ್ನು ಮತ್ತೆ ಸೇರಿಸಿ ಪ್ರಯೋಜನವಿರಲಿಲ್ಲ. ಒಂದು ಬೆರಳಿನ ಪಟ್ಟಿ ಪೂರ್ತಿ ಹೊಲಿಗೆಗೇ ಹೋಗುತ್ತದೆ. ಕೊನೆಗೆ, ‘ನಮ್ದು ದೊಡ್ದು ಮಾಡಕಾಗಲ್ಲ. ಮಿಕ್ಕಿದ್ನೆಲ್ಲಾ ನಮ್ದರಷ್ಟಕ್ಕೇ ತಂದ್ಬುಡು. ಎಲ್ಲಾರ್ದೂ ಒಂದ್ ಬೆರಳು ಒಳಕ್ಕೆ ಹೊಲಿ. ಎಲ್ಲಾ ಮನೇರೂ ಒಸಿ ಒಸಿ ಜರುಗ್ಲಿ’ ಎಂದರು.

ಅಷ್ಟು ಸರಳ. ಎಲ್ಲ ಹೊಲಿಗೆಯನ್ನೂ ಒಂದೇ ಆಳಕ್ಕೆ ತೆಗೆದುಕೊಂಡರೆ ಎಲ್ಲ ತುಂಡೂ ಸಮವಾಗುತ್ತವೆ. ಇಪ್ಪತ್ತು ವರ್ಷದ ಟೈಲರಿಗಾಗಲಿ ವಿಶ್ವವಿದ್ಯಾಲಯಕ್ಕಾಗಲಿ ಅದು ಹೊಳೆದಿರಲಿಲ್ಲ. ಅಕ್ಕ ಬೀಗಿತ್ತಿಯ ತುಂಡನ್ನು ದೊಡ್ಡದು ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಳು, ಬೇರೆಯವರದ್ದನ್ನು ಚಿಕ್ಕದು ಮಾಡುವ ಅಧಿಕಾರ ಅವಳಿಗಿರಲಿಲ್ಲ. ಅದು ಬೀಗಿತ್ತಿಯ ಬಾಯಿಂದಲೇ ಬರಬೇಕಿತ್ತು.

ಅದಕ್ಕೆ ಮೊದಲು ಎಂಟು ಹೊಲಿಗೆ ಬಿಚ್ಚಬೇಕಿತ್ತು. ಬ್ಲೇಡು ನನ್ನ ಕೈಗೆ ಬಂತು. ನಾನು ಬಿಚ್ಚುತ್ತಾ ಹೋದೆ, ಬೀಗಿತ್ತಿ ಅಂಚಿಗೆ ಬೆರಳಿಟ್ಟು ಅಳೆದು ಕೈಯಲ್ಲಿ ಕಚ್ಚಾ ಹೊಲಿಗೆ ಓಡಿಸುತ್ತಾ ಬಂದರು, ಅಕ್ಕ ತುಳಿದಳು. ‘ಮೆತ್ತಗೆ ಕಣ್ರೀ ಬೀಗ್ರೇ, ಬಟ್ಟೆ ಹರುದ್ರೆ ನಿಮ್ ಅಂಗೀನೇ ಕತ್ತರಿಸ್ತೀವಿ’ ಎಂದು ಬೀಗಿತ್ತಿ ಆಗಾಗ ಎಚ್ಚರಿಸುತ್ತಿದ್ದರು. ಮೂಲೆಗೆ ಮೂಲೆ ಕೂಡಿತು. ಅಡಿಬಟ್ಟೆ ಸೇರಿತು. ಸಂಜೆಯ ಬಸ್ಸಿಗೆ ಮೊದಲು ಹಾಸಿ ನೋಡಿದಾಗ ಸೊಂಟ ಹೋಗಿತ್ತು. ಕೌದಿ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಮಗುವಿನ ಪಾದ ಹೊರಗೆ ಬರುತ್ತಿತ್ತು. ‘ಕಾಲು ಹೊರಗಿದ್ರೆ ಬೇಗ ನಡೀತದೆ’ ಎಂದರು ಬೀಗಿತ್ತಿ. ದೊಡ್ಡಮ್ಮ ನಾಲ್ಕು ಕಡೆ ಗೇಣು ಹಾಕಿ ತಲೆದೂಗಿದಳು. ಹೊರಡುವಾಗ ಬೀಗಿತ್ತಿ ಪುಸ್ತಕದ ಪಟ್ಟಿಯನ್ನು ನನಗೇ ವಾಪಸು ಕೊಟ್ಟರು. ‘ಇಕ್ಕಳಿ, ನಿಮ್ಗೆ ಗುರುತಿಲ್ದೆ ಆಗಲ್ಲ.’

ಎರಡು ದಿನ ಬಿಟ್ಟು ಸೊಸೆ ಮಗುವನ್ನೆತ್ತಿಕೊಂಡು ದೊಡ್ಡಆಲಹಳ್ಳಿಯ ಹೊಸಿಲು ದಾಟಿದಳು. ಬಂದ ಹೆಂಗಸರೆಲ್ಲ ಕೌದಿ ಮುಟ್ಟಿ ನೋಡಿದರು, ಗೇಣು ಹಾಕಿದರು. ಮಾತು ಬಂತು. ಆದರೆ ಅದು ಅಕ್ಕನ ಮಗಳ ಮೇಲೆ ಬರಲಿಲ್ಲ. ಬೀಗಿತ್ತಿ ಪ್ರತಿಯೊಬ್ಬರಿಗೂ ಸೊಸೆಯ ಸೋದರಮಾವನ ರಟ್ಟಿನ ಕತೆ ಹೇಳಿದರು. ಸಾರಿಗೆ ಉಪ್ಪು ಕಮ್ಮಿಯಾದರೆ ಈಗ ಆ ಮನೆಯಲ್ಲಿ, ‘ಏನು, ಒಂಬತ್ತಿಂಚು ಅಳೆದು ಹಾಕಿದ್ಯಾ?’ ಎಂದು ನಗುತ್ತಾರಂತೆ. ಮಜ್ಜಿಗೆಯ ವಿಷಯ ನಿಂತೇ ಹೋಗಿದೆ. ಅಕ್ಕನಿಗೆ ಬೇಕಾಗಿದ್ದದ್ದು ಅದೇ.

ಈಗ ನಾನು ಬಿಟ್ಟುಕೊಡದ ಸಂಗತಿ. ಅಂದು ಎಂಟೂ ಹೊಲಿಗೆಯನ್ನು ನಾನೇ ಬಿಚ್ಚಿದೆ. ಬ್ಲೇಡು ಹಿಡಿದು ಬೆರಳು ಮರಗಟ್ಟಿದ್ದು, ನೂಲಿನ ಚೂರು ಪಂಚೆಗೆ ಅಂಟಿದ್ದು ಎಲ್ಲ ಚೆನ್ನಾಗಿ ನೆನಪಿದೆ. ಇದನ್ನು ಬರೆಯುವ ಮುಂಚೆ ಅಕ್ಕನನ್ನು ಕೇಳಿದೆ. ನಾನು ಎರಡನ್ನು ಬಿಚ್ಚಿ, ಕಾಫಿ ಕುಡಿದು, ದೊಡ್ಡಮ್ಮನ ಮಂಚದ ಮೇಲೆ ದಿಂಬಿನ ಚೀಲಕ್ಕೆ ಕೆನ್ನೆಯಿಟ್ಟು ಮಲಗಿದ್ದೆನಂತೆ. ಮಿಕ್ಕ ಆರನ್ನು ಬಿಚ್ಚಿದ್ದು ಬೀಗಿತ್ತಿಯಂತೆ.

‘ಬೇಕಾರೆ ಅವ್ರನ್ನೇ ಕೇಳು’ ಎಂದಳು ಅಕ್ಕ.

ಇನ್ನೂ ಕೇಳಿಲ್ಲ.